ನಲವತ್ತೊಂದನೇ ಸ್ಟೇಜ್

ಫೆಬ್ರವರಿ 3

ತಮ್ಮಾ,

ಫೋನ್ ಮಾಡಿದರೆ ಹೂಂ, ಹಾಂ, ಸರಿ ಎನ್ನುವ ಮೂರು ಮಾತು ಬಿಟ್ಟು ನಾಲ್ಕನೆಯದು ನಿನ್ನ ಬಾಯಿಂದ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಹಾಳೆಯ ತುಂಬ ಹೂಂ ಎಂದು ಬರೆದು ಕಳಿಸಲು ನಿನಗೂ ನಾಚಿಕೆಯಾದೀತು.

ಡಬ್ಬಿ ಸಿಕ್ಕಿತು ಕಣೋ! ನಮ್ಮದಲ್ಲ, ಅದೇ ಜಾತಿಯದು. ನಾನು ಕೆಲಸ ಮಾಡುವ ಕನ್ನಡಕದಂಗಡಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದಾನೆ. ಅವನ ಗಾಜಿನ ಬೀರುವಿನಲ್ಲಿ, ಕೆಟ್ಟ ಟೆಲಿಫೋನುಗಳ ನಡುವೆ, ಅದೇ ಬೂದು ಬಣ್ಣದ ವಿಡಿಯೊ ಗೇಮ್ ಕೂತಿತ್ತು. ಅದೇ ಎರಡು ಜಾಯ್‌ಸ್ಟಿಕ್, ಮುಂದೆ ಅದೇ ಕೆಂಪು ದೀಪ. ನನಗೆ ಬಸ್ ತಪ್ಪಿತು, ಲಕ್ಷ್ಯವೇ ಇಲ್ಲ. "ಕಂಪನಿಯವ್ರು ಇದನ್ನ ಮಾಡೋದು ನಿಲ್ಸಿ ಇಪ್ಪತ್ತು ವರ್ಷ ಆಯ್ತಮ್ಮ, ಕೆಟ್ರೆ ನನ್ ಹತ್ರ ತರಬೇಡಿ," ಎಂದು ಮೊದಲೇ ಕೈ ತೊಳೆದುಕೊಂಡ. ಜೊತೆಗೆ ನಾಲ್ಕು ಕ್ಯಾಸೆಟ್ ಕೊಟ್ಟ. ಅದರಲ್ಲಿ ಒಂದು ಯಾವುದು ಹೇಳು ನೋಡೋಣ. ಗುದ್ದಲಿ ಮಾಮ!

ನನ್ನ ಮಗಳು ಚೂಟಿಗೆ ಒಂಬತ್ತು ತುಂಬಿತಲ್ಲ, ಅವಳಿಗೆಂದು ಹೇಳಿ ಮನೆಗೆ ತಂದೆ. ನಿನ್ನ ಭಾವ ನಂಬಲಿಲ್ಲ. "ನಿನ್ ಕಣ್ಣಲ್ಲೇ ಕಾಣ್ತಿದೆ ಯಾರಿಗೆ ಅಂತ," ಎಂದರು. ಟಿವಿಗೆ ಹಾಕಿದರೆ ಪರದೆಯ ತುಂಬ ಬರೀ ಚುಕ್ಕೆ. ಆಗ ನಾನು, ನಲವತ್ತೆರಡು ವರ್ಷದ ಹೆಂಗಸು, ಯೋಚನೆಯೇ ಇಲ್ಲದೆ "ಊದಪ್ಪಾ, ಬಾರೋ!" ಎಂದು ಕೂಗಿಬಿಟ್ಟೆ.

ಚೂಟಿ ತಿರುಗಿ ನೋಡಿದಳು. ಅದ್ಯಾರು ಎಂದಳು. ನನ್ನ ಕೊನೆಯ ತಮ್ಮ, ನಿನಗೆ ಚಿಕ್ಕ ಮಾಮ ಆಗಬೇಕಿತ್ತು, ಐದು ವರ್ಷಕ್ಕೇ ಹೋದ ಎಂದೆ. ಕ್ಯಾಸೆಟ್ಟಿನ ಧೂಳು ಊದುವುದು ಅವನ ಕೆಲಸ, ಅದಕ್ಕೇ ಆ ಹೆಸರು ಎಂದೆ. ಹೇಗೆ ಹೋದ ಎಂದು ಕೇಳಿದಳು. ಮನೆಗೆ ಬೆಂಕಿ ಬಿತ್ತು ಎಂದೆ. ಇಸ್ತ್ರಿಪೆಟ್ಟಿಗೆ ಆಫ್ ಮಾಡುವುದನ್ನು ನಿನ್ನ ಅಜ್ಜಿ ಮರೆತಳು, ಜ್ವರ ಬಂದ ಮಗುವನ್ನು ಒಳಗೆ ಮಲಗಿಸಿ ಹೊರಗಿನಿಂದ ಬೀಗ ಹಾಕಿಕೊಂಡು ಹೊಲಿದ ಬಟ್ಟೆ ಕೊಡಲು ಹೋದಳು ಎನ್ನುವುದನ್ನು ಹೇಳಲಿಲ್ಲ. ಅವಳಿಗಿನ್ನೂ ಅಷ್ಟು ವಯಸ್ಸಾಗಿಲ್ಲ.

ಆಮೇಲೆ ನಾನೇ ಊದಿದೆ. ಚಿತ್ರ ಬಂತು. ಆ ಕುಂಯ್ ಕುಂಯ್ ಸಂಗೀತ ಶುರುವಾಯಿತು. ಮಾಮ ಅದೇ ಹಳದಿ ಟೋಪಿ ಹಾಕಿಕೊಂಡು, ಗುದ್ದಲಿ ಹೊತ್ತು, ಅರವತ್ತು ಸ್ಟೇಜಿನ ಬಾವಿಗೆ ಇಳಿದ. ಮೂರೇ ಜೀವ. ಎಲ್ಲಿಗೆ ಬಂದೆವೆಂದು ಉಳಿಸಿಡುವ ಉಪಾಯ ಆ ಕಾಲದ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಆಫ್ ಮಾಡಿದರೆ ಮತ್ತೆ ಒಂದರಿಂದ. ನಾನು ಒಂಬತ್ತರಲ್ಲೇ ಸತ್ತೆ.

ಈಗ ನಿನ್ನನ್ನು ಕೇಳಬೇಕಾದದ್ದು. ನಾವು ನಲವತ್ತೊಂದನೇ ಸ್ಟೇಜಿಗೆ ಹೋಗಿದ್ದೆವು, ಅಲ್ಲಿ ಜೋಡಿ ಬಂಡೆ ಇತ್ತು, ಇಷ್ಟು ಚೆನ್ನಾಗಿ ನೆನಪಿದೆ. ಆಮೇಲೆ ಏನಾಯಿತು? ದಾಟಿದೆವಾ, ಸೋತೆವಾ? ಎಷ್ಟು ಯೋಚಿಸಿದರೂ ಅಲ್ಲಿಂದ ಮುಂದೆ ತಲೆ ಖಾಲಿ. ನಿನ್ನ ತಲೆಯಲ್ಲಿ ಆಗಲೂ ಆಟ ಬಿಟ್ಟು ಬೇರೆ ಇರಲಿಲ್ಲ, ನಿನಗೆ ಗೊತ್ತಿರುತ್ತದೆ. ಬರೆ.

ನಿನ್ನ ದಾರಿ ಕಾಯುವ,
ಅಕ್ಕ


ಫೆಬ್ರವರಿ 21

ಅಕ್ಕಾ,

ಹೂಂ.

ಹೆದರಬೇಡ, ಮುಂದೆಯೂ ಇದೆ. ಪೆನ್ಸಿಲಿನಲ್ಲಿ ಬರೆದಿದ್ದಕ್ಕೆ ಬೈಯಬೇಡ. ನಮ್ಮ ಕೋಲ್ಡ್ ಸ್ಟೋರೇಜಿನ ಒಳಗೆ ಪೆನ್ನಿನ ಶಾಯಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಎಲ್ಲರ ಜೇಬಿನಲ್ಲೂ ಪೆನ್ಸಿಲ್. ಗಂಟೆಗೊಂದು ಸಲ ಒಳಗೆ ಹೋಗಿ, ಸೊನ್ನೆಗಿಂತ ಹದಿನೆಂಟು ಕೆಳಗಿದೆಯೇ ಎಂದು ನೋಡಿ ಗುರುತು ಹಾಕಿ ಬರುವುದು. ಕಂಪ್ರೆಸರ್ ಸದ್ದು ಬದಲಾದರೆ ಸ್ಪ್ಯಾನರ್ ಹಿಡಿದು ಓಡುವುದು. ಹದಿನೇಳು ವರ್ಷದಿಂದ ಇದೇ. ಚಳಿ ನನಗೆ ಒಗ್ಗಿದೆ.

ಡಬ್ಬಿಯ ವಿಷಯ ಓದಿ ನನಗೂ ಬಹಳ ನೆನಪಾಯಿತು. ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬರೆದಿದ್ದ ಕ್ಯಾಸೆಟ್ ನೆನಪಿದೆಯಾ? ಎಣಿಸಿದರೆ ಏಳೇ ಆಟ, ಅವನ್ನೇ ಬಣ್ಣ ಬದಲಿಸಿ ಮತ್ತೆ ಮತ್ತೆ ಹಾಕಿದ್ದರು. ನೀನು ಪಟ್ಟು ಬಿಡದೆ ಒಂಬೈನೂರರವರೆಗೂ ಒತ್ತಿಕೊಂಡು ಹೋದೆ, ಎಲ್ಲಾದರೂ ಹೊಸದು ಸಿಗುತ್ತದೆಂದು. ಮೀನು ಹಿಡಿಯುವ ಬೆಕ್ಕಿನ ಆಟದಲ್ಲಿ ನಿನ್ನನ್ನು ಸೋಲಿಸಲು ನನ್ನಿಂದ ಆಗುತ್ತಲೇ ಇರಲಿಲ್ಲ. ಹೆಬ್ಬೆರಳಲ್ಲಿ ಬೊಬ್ಬೆ ಬಂದಿತ್ತು, ಅಮ್ಮ ಹೊಲಿಯುವಾಗ ಹಾಕಿಕೊಳ್ಳುವ ಬೆರಳುಟೋಪಿ ಹಾಕಿಕೊಂಡು ಆಡಿದೆ. ಕ್ಯಾಸೆಟ್ ಅಲುಗಾಡದಂತೆ ಕೆಳಗೆ ಮಡಿಸಿದ ಬಸ್ ಟಿಕೆಟ್ ತುರುಕುವುದು ನನ್ನದೇ ಉಪಾಯ, ಇದನ್ನು ಚೂಟಿಗೆ ಹೇಳು.

ಊದಪ್ಪ ಊದುತ್ತಿದ್ದನೋ ಉಗಿಯುತ್ತಿದ್ದನೋ. "ಅದ್ರೊಳ್ಗೆ ಉಗೀಬೇಡ್ವೋ, ಕರೆಂಟ್ ಹೊಡಿಯತ್ತೆ," ಎಂದು ಅಮ್ಮ ಹೊಲಿಗೆ ಮೆಷಿನ್ನಿನ ಹಿಂದಿನಿಂದ ಕೂಗುತ್ತಿದ್ದಳು. ಊದಿದ್ದಕ್ಕೆ ಸಂಬಳವಾಗಿ ಮೂರನೆಯ ಜೀವ ಅವನಿಗೆ. ಅವನು ಮಾಮನನ್ನು ನೆಟ್ಟಗೆ ಕರೆದುಕೊಂಡು ಹೋಗಿ ನೀರಿಗೆ ಬೀಳಿಸಿ ಬಿದ್ದು ಬಿದ್ದು ನಗುತ್ತಿದ್ದ. ನಾವು ತಲೆ ಚಚ್ಚಿಕೊಳ್ಳುತ್ತಿದ್ದೆವು. ಆ ನಗುವಿಗೋಸ್ಕರವೇ ಕೆಲವು ಸಲ ನಾನು ಬೇಕೆಂದೇ ಎರಡು ಜೀವ ಬೇಗ ಕಳೆಯುತ್ತಿದ್ದೆ, ಇದು ನಿನಗೆ ಗೊತ್ತಿಲ್ಲ.

ನಲವತ್ತೊಂದನೇ ಸ್ಟೇಜಿನದು ನನಗೂ ನೆನಪಿಲ್ಲ.

ಒಂದು ಮಾತು. ಅಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಹಾಸಿಗೆಯ ಚಾದರ ಮಡಿಸುವ ಆ ಕೆಲಸವೂ ಇಲ್ಲದೆ ಒಂದು ಕೋಣೆಯಲ್ಲಿ ಏನು ಮಾಡುತ್ತಾಳೆ? ರಜೆಯಲ್ಲಿ ಚೂಟಿಯನ್ನು ನಾಲ್ಕು ದಿನ ಅವಳ ಹತ್ತಿರ ಬಿಟ್ಟರೆ ಏನಾಗುತ್ತದೆ? ಯೋಚಿಸು.

ಇಲ್ಲಿಗೆ ನಿಲ್ಲಿಸುವ,
ತಮ್ಮ


ಮಾರ್ಚ್ 8

ಸೋಮಾರಿ ತಮ್ಮಾ,

ಒಂದೂವರೆ ಹಾಳೆ! ಭಾವನಿಗೆ ತೋರಿಸಿದೆ, "ನಿನ್ ತಮ್ಮಂಗೆ ಹುಷಾರಿಲ್ವಾ?" ಎಂದು ಕೇಳಿದರು.

ಮೊದಲು ಕಹಿ ವಿಷಯ ಮುಗಿಸುತ್ತೇನೆ. ಅಮ್ಮನ ವಿಷಯಕ್ಕೆ ನೀನು ಮೂಗು ತೂರಿಸಬೇಡ. ವರ್ಷಕ್ಕೊಂದು ಸಲ ಬಂದು ಹೋಗುವವನಿಗೆ ಹೇಳುವುದು ಸುಲಭ. ಅವಳಿಗೆ ಕೋಣೆ ನೋಡಿಕೊಟ್ಟವಳು ನಾನು, ಔಷಧಿ ತರುವವಳು ನಾನು, ಪ್ರತಿ ಭಾನುವಾರ ಹೋಗಿ ಬರುವವಳು ನಾನು. ಆದರೆ ನನ್ನ ಮಗಳನ್ನು ಅವಳ ಹತ್ತಿರ ಒಂಟಿಯಾಗಿ ಬಿಟ್ಟಿಲ್ಲ. ಒಂದು ಗಂಟೆಯೂ ಬಿಟ್ಟಿಲ್ಲ.

ಹೋದ ವಾರ ಅವಳೇ ನಮ್ಮಂಗಡಿಗೆ ಬಂದಿದ್ದಳು, ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು. ಸ್ಕ್ರೂ ಏನೂ ಸಡಿಲವಾಗಿರಲಿಲ್ಲ. "ರಜೆಗೆ ಮಗೂನ ಹತ್ತು ದಿನ ನನ್ ಹತ್ರ ಬಿಡೇ," ಎಂದಳು. ನಾನು ಸ್ಕ್ರೂ ತಿರುಗಿಸುತ್ತಾ ಕೂತೆ. "ಒಲೆನೇ ಹಚ್ಚಲ್ಲ ಕಣೇ. ಊಟ ಹೋಟೆಲಿಂದ ತರಿಸ್ತೀನಿ. ಇಸ್ತ್ರಿಪೆಟ್ಟಿಗೆ ಅಂತೂ ನನ್ ಹತ್ರ ಇಲ್ಲ, ನಿಂಗೇ ಗೊತ್ತು," ಎಂದಳು. "ಬೇಡಮ್ಮ, ನಂಗೆ ಧೈರ್ಯ ಬರಲ್ಲ," ಎಂದೆ. ಸರಿ ಎಂದು ಕನ್ನಡಕ ಹಾಕಿಕೊಂಡು ಹೋದಳು. ವಾಪಸು ಕರೆಯೋಣವೆಂದು ಬಾಗಿಲವರೆಗೆ ಹೋದೆ, ಸುಳ್ಳು ಹೇಳುವುದಿಲ್ಲ. ಆದರೆ ಅಪ್ಪ ಒಂಬತ್ತು ವರ್ಷದ ಹಿಂದೆ ಸಾಯುವವರೆಗೂ ಅವಳೊಡನೆ ಒಂದು ಮಾತಾಡಲಿಲ್ಲ. ನಾನು ಮಾತಾಡುತ್ತೇನೆ, ನೋಡಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದಾಗದು. ಊದಪ್ಪನೂ ಅವಳನ್ನು ನಂಬಿಯೇ ಮಲಗಿದ್ದ.

ಈಗ ಸಿಹಿ ವಿಷಯ. ಚೂಟಿ ಇಪ್ಪತ್ತಾರನೇ ಸ್ಟೇಜಿಗೆ ಹೋಗಿದ್ದಾಳೆ! ನಿನ್ನ ಬಸ್ ಟಿಕೆಟ್ ಉಪಾಯ ಕೆಲಸ ಮಾಡಿತು. ನಾನೂ ನಿನ್ನ ಭಾವನೂ ಕೆಲಸಕ್ಕೆ ಹೋಗಿ, ಮಗಳು ಶಾಲೆಯಿಂದ ಬಂದು ಒಂದು ಗಂಟೆ ಮನೆಯಲ್ಲಿ ಒಬ್ಬಳೇ ಇರುತ್ತಾಳಲ್ಲ, ಎಲ್ಲ ಆಗಲೇ ನಡೆಯುವುದು. ನಿನ್ನೆ ಏನಾಯಿತು ಕೇಳು. ಕಸ ಗುಡಿಸುವಾಗ ಟಿವಿ ಹಿಂದೆ ಟವೆಲ್ ಮುದ್ದೆ ಬಿದ್ದಿತ್ತು. ಎತ್ತಲು ಹೋದರೆ ಬಿಸಿ. ಒಳಗೆ ಅಡಾಪ್ಟರ್, ಮುಟ್ಟಿದರೆ ಕೈ ಸುಟ್ಟಿತು. ಮಹಾರಾಣಿ ಟಿವಿ ಆಫ್ ಮಾಡಿ, ಡಬ್ಬಿಯನ್ನು ಹಾಗೇ ಆನ್ ಇಟ್ಟು ಶಾಲೆಗೆ ಹೋಗಿದ್ದಾಳೆ. ಮೂರು ದಿನದಿಂದ ಆನ್ ಇದೆಯಂತೆ! "ಆಫ್ ಮಾಡಿದ್ರೆ ಮತ್ತೆ ಒಂದರಿಂದ ಆಡ್ಬೇಕಲ್ಲಮ್ಮ," ಎಂದು ನನಗೇ ಬುದ್ಧಿ ಹೇಳಿದಳು.

ಯಾರೂ ಕಲಿಸಿಕೊಟ್ಟಿಲ್ಲ ನೋಡು. ನಾವೂ ಹೀಗೇ ಮಾಡುತ್ತಿದ್ದೆವಲ್ಲ? ಟಿವಿ ಆಫ್, ಡಬ್ಬಿ ಆನ್, ಅಮ್ಮನ ಕಣ್ಣಿಗೆ ಬೀಳದಂತೆ ಕೆಂಪು ದೀಪದ ಮೇಲೆ ಕಪ್ಪು ಟೇಪು. ನಮ್ಮ ಮನೆಯ ರಕ್ತವೇ ಸರಿ. ನಾನು ಬೈದ ಹಾಗೆ ಮಾಡಿ ಸುಮ್ಮನಾದೆ, ಟವೆಲ್ ಮಾತ್ರ ತೆಗೆದಿಟ್ಟೆ. ಇಪ್ಪತ್ತಾರು ಎಂದರೆ ಸಾಮಾನ್ಯವೇ?

ಮನೆಯಿಂದ ಕಾಲು ಹೊರಗಿಡುವಾಗಲೆಲ್ಲ ಮೇನ್ ಸ್ವಿಚ್ ಕೆಳಗೆಳೆದು ಫ್ರಿಜ್ಜಿನ ಹಾಲು ಒಡೆಸುವ ನಿನ್ನಂಥವನಿಗೆ ಇದನ್ನು ಹೇಳಬಾರದಿತ್ತೇನೋ!

ಟವೆಲ್ ತೆಗೆದ ಜವಾಬ್ದಾರಿಯ,
ಅಕ್ಕ


ಮಾರ್ಚ್ 12

ಅಕ್ಕಾ,

ಅದರ ಪ್ಲಗ್ ಕಿತ್ತುಹಾಕು. ಈ ಕಾಗದ ಪೂರ್ತಿ ಓದುವ ಮೊದಲು ಎದ್ದು ಹೋಗಿ ಕೀಳು.

ನೀನು ಅಂಗಡಿಯಲ್ಲಿದ್ದಾಗ ಭಾವನಿಗೆ ಫೋನ್ ಮಾಡಿ ಹೇಳಿದೆ. ನಕ್ಕರು, ಆಯ್ತು ನೋಡ್ತೀನಿ ಎಂದರು. ಅವರು ನೋಡುವುದಿಲ್ಲ. ಅದಕ್ಕೇ ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಅಡಾಪ್ಟರ್ ಕಸಕ್ಕೆ ಹಾಕು. ಡಬ್ಬಿಯನ್ನೂ ಹಾಕು. ಚೂಟಿ ಅತ್ತರೆ ಅಳಲಿ. ಅವಳು ಮನೆಯಲ್ಲಿ ಒಬ್ಬಳೇ ಇರುವಾಗ ಅದು ಗೋಡೆಗೆ ಸಿಕ್ಕಿಕೊಂಡಿರಕೂಡದು.

ಕೈ ಮುಗಿದು ಕೇಳುತ್ತೇನೆ.

ತಮ್ಮ


ಮಾರ್ಚ್ 17

ತಮ್ಮಾ,

ಪ್ಲಗ್ ಕಿತ್ತಿದ್ದೇನೆ. ಡಬ್ಬಿಯನ್ನು ರಿಪೇರಿಯವನಿಗೇ ವಾಪಸು ಕೊಟ್ಟೆ. ಚೂಟಿ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಕಾಗದದಲ್ಲಿ ಅಕ್ಷರ ನಡುಗಿದೆ. ಚಳಿಗೆ ಎಂದು ಹೇಳಬೇಡ, ನಿನಗೆ ಚಳಿ ಒಗ್ಗಿದೆ ಎಂದು ನೀನೇ ಬರೆದಿದ್ದೀಯ.

ಮೂರು ದಿನದಿಂದ ಕನ್ನಡಕಕ್ಕೆ ಗಾಜು ಕೂರಿಸುತ್ತಾ ಒಂದೇ ಯೋಚನೆ. ನಲವತ್ತೊಂದನೇ ಸ್ಟೇಜಿಗೆ ನಾವು ಹೋದದ್ದು ಒಂದು ಬೆಳಿಗ್ಗೆ. ನಾನು ಯೂನಿಫಾರಂ ಹಾಕಿಕೊಂಡಿದ್ದೆ, ಎರಡು ಜಡೆ ಹೆಣೆದಾಗಿತ್ತು. ಊದಪ್ಪನನ್ನು ಕರೆದೆ, ಅವನು ಬರಲಿಲ್ಲ. ಯಾಕೆ ಬರಲಿಲ್ಲ? ಒಳಗೆ ಜ್ವರ ಬಂದು ಮಲಗಿದ್ದ.

ಅದು ಅದೇ ದಿನ. ಅಲ್ಲವಾ?

ನನಗೆ ಬರೆ. ಏನಿದ್ದರೂ ಬರೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಅದೇ ದಿನ.

ಬರೆಯುತ್ತೇನೆ. ಎರಡು ವಾರದಿಂದ ಬರೆದು ಹರಿದಿದ್ದೇನೆ, ಇದನ್ನು ಹರಿಯುವುದಿಲ್ಲ.

ಆ ಬೆಳಿಗ್ಗೆ ನಾವು ಮೊದಲ ಸಲ ನಲವತ್ತೊಂದು ಮುಟ್ಟಿದೆವು. ಒಂದು ಜೀವ ಉಳಿದಿತ್ತು. ನಿನಗೆ ತರಗತಿಯ ಬೋರ್ಡ್ ಒರೆಸುವ ಸರದಿ, ನೀನು ಮೊದಲು ಹೊರಟೆ. ಬಾಗಿಲಲ್ಲಿ ನಿಂತು "ಆಫ್ ಮಾಡಿದ್ಯೇನೋ?" ಎಂದೆ. ನಾನು ಹೂಂ ಎಂದೆ. ಟಿವಿ ಮಾತ್ರ ಆಫ್ ಮಾಡಿದ್ದೆ. ಅಡಾಪ್ಟರ್ ಅಮ್ಮನಿಗೆ ಕಾಣುತ್ತದೆಂದು ಅದನ್ನು ಮೂಲೆಗೆ ತಳ್ಳಿ, ಅವಳು ಕತ್ತರಿಸಿಟ್ಟಿದ್ದ ನೀಲಿ ಯೂನಿಫಾರಂ ಬಟ್ಟೆಯ ರಾಶಿಯನ್ನು ಅದರ ಮೇಲೆ ಎಳೆದೆ. ಬೇರೆ ದಿನ ತೆಳುವಾಗಿ ಮುಚ್ಚುತ್ತಿದ್ದೆ. ಅವತ್ತು ಚೆನ್ನಾಗಿ ಮುಚ್ಚಿದೆ, ಯಾಕೆಂದರೆ ನಲವತ್ತೊಂದು.

ಮೂರನೇ ಪೀರಿಯಡ್ಡಿನಲ್ಲಿ ನಮ್ಮನ್ನು ಕರೆಸಿದರು. ಮಿಕ್ಕದ್ದು ನಿನಗೆ ಗೊತ್ತು. ನಿನ್ನನ್ನು ಯಾರೋ ಹೆಂಗಸರು ಒಳಗೆ ಕರೆದುಕೊಂಡು ಹೋದರು. ನಾನು ಪಕ್ಕದ ಮನೆಯ ಬಾಗಿಲಲ್ಲೇ ನಿಂತಿದ್ದೆ. ಬೆಂಕಿ ಆರಿಸಿದವರು ಸುಟ್ಟ ಸಾಮಾನನ್ನೆಲ್ಲ ಅಂಗಳಕ್ಕೆ ಎಸೆಯುತ್ತಿದ್ದರು. ಒಬ್ಬ ಪುಸ್ತಕ ಹಿಡಿದು ಹೇಗಾಯಿತು ಎಂದು ಕೇಳಿದ. ಅಮ್ಮ ಎಲ್ಲರಿಗೂ ಕೇಳುವ ಹಾಗೆ "ಇಸ್ತ್ರಿಪೆಟ್ಟಿಗೆ ಆಫ್ ಮಾಡೋದು ಮರೆತೆ," ಎಂದಳು.

ಅಕ್ಕಾ, ಆಗ ನನಗೆ ಏನನ್ನಿಸಿತು ಗೊತ್ತಾ? ಬದುಕಿದೆ ಅನ್ನಿಸಿತು. ತಮ್ಮ ಅಲ್ಲಿ ಬಿಳಿ ಬಟ್ಟೆಯ ಕೆಳಗಿದ್ದ, ನನಗೆ ಸಮಾಧಾನವಾಯಿತು. ನಾನಲ್ಲ, ಇಸ್ತ್ರಿಪೆಟ್ಟಿಗೆ. ಅಪ್ಪ ಅವಳ ಮೇಲೆ ಕೂಗಾಡಿದಾಗ, ಆಮೇಲೆ ಮಾತೇ ಬಿಟ್ಟಾಗ, ಅವಳು ಹೊಲಿಗೆ ಮೆಷಿನ್ ಮುಟ್ಟುವುದನ್ನು ನಿಲ್ಲಿಸಿದಾಗ, ನಾನು ಅದನ್ನೇ ಹೇಳಿಕೊಳ್ಳುತ್ತಿದ್ದೆ. ಅವಳೇ ಒಪ್ಪಿಕೊಂಡಿದ್ದಾಳಲ್ಲ, ಇಸ್ತ್ರಿಪೆಟ್ಟಿಗೆಯೇ ಇರಬೇಕು. ಇರಬಹುದು ಅಕ್ಕಾ. ಎರಡೂ ಆನ್ ಇದ್ದವು, ಯಾವುದರಿಂದ ಹೊತ್ತಿತು ಎಂದು ಯಾರು ಕಂಡರು? ಇಪ್ಪತ್ತೆಂಟು ವರ್ಷ ಈ ಒಂದು ಸಂದೇಹವನ್ನು ಹಿಡಿದುಕೊಂಡೇ ಉಂಡಿದ್ದೇನೆ, ಮಲಗಿದ್ದೇನೆ.

ಆದರೆ ಮೇನ್ ಸ್ವಿಚ್ ಎಳೆಯದೆ ಮನೆಯಿಂದ ಹೊರಡಲು ಆಗುವುದಿಲ್ಲ. ಅರ್ಧ ದಾರಿಯಿಂದ ವಾಪಸು ಬರುತ್ತೇನೆ. ನನ್ನ ಹೆಂಡತಿ ಇದಕ್ಕೇ ಬೇಸತ್ತು ಬಿಟ್ಟುಹೋದಳು. ಕಾರಣ ಕೇಳಿದಳು, ಅವಳಿಗೂ ಹೇಳಲಿಲ್ಲ. ಈ ಕೆಲಸಕ್ಕೆ ಯಾಕೆ ಅಂಟಿಕೊಂಡಿದ್ದೀಯ, ಬೇರೆಯದು ನೋಡು ಎಂದು ನೀನು ಎಷ್ಟು ಸಲ ಹೇಳಿದೆ. ಆ ಕೋಣೆಯಲ್ಲಿ ಏನೂ ಹೊತ್ತಿಕೊಳ್ಳುವುದಿಲ್ಲ ಅಕ್ಕಾ.

ಚೂಟಿಯನ್ನು ಅಮ್ಮನ ಹತ್ತಿರ ಬಿಡು. ಇಷ್ಟನ್ನು ಅದಕ್ಕೋಸ್ಕರ ಬರೆದಿದ್ದೇನೆ.

ತಮ್ಮ


ಮೇ 5

ಏನೆಂದು ಕರೆಯಬೇಕೋ ತಿಳಿಯದೆ ಒಂದು ತಿಂಗಳು ಕಳೆಯಿತು. ಹೆಸರಿಲ್ಲದೆಯೇ ಬರೆಯುತ್ತೇನೆ.

ಚೂಟಿ ಹುಟ್ಟಿದಾಗ ಅಮ್ಮ ಆಸ್ಪತ್ರೆಗೆ ಬಂದಿದ್ದಳು. ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟೆ. ಅಮ್ಮ ಚಾಚಿದ ಕೈಯಿಂದ ನನ್ನ ಹೊದಿಕೆ ಸರಿಮಾಡಿ ಕೂತಳು. ಈ ಒಂದು ತಿಂಗಳಲ್ಲಿ ನನಗೆ ಬೇರೆ ಏನೂ ಕಾಣುತ್ತಿಲ್ಲ. ನಿನ್ನನ್ನು ಎಷ್ಟು ಬೈದೆನೋ ಲೆಕ್ಕವಿಲ್ಲ. ಎದುರಿಗೆ ಸಿಕ್ಕಿದ್ದರೆ ಹೊಡೆದೇ ಬಿಡುತ್ತಿದ್ದೆ.

ಆಮೇಲೆ ನನ್ನ ಸರದಿ ಬಂತು. ಬಾಗಿಲಲ್ಲಿ ನಿಂತು ನಿನ್ನನ್ನು ಕೇಳಿದೆನಲ್ಲ, ನೀನು ಹೂಂ ಎಂದೆಯಲ್ಲ, ನಿನ್ನ ಹೂಂ ಎಂಥದ್ದೆಂದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಎರಡು ಹೆಜ್ಜೆ ಒಳಗೆ ಬಂದು ನೋಡಬಹುದಿತ್ತು. ನೋಡಲಿಲ್ಲ, ಯಾಕೆಂದರೆ ನನಗೂ ಸಂಜೆ ನಲವತ್ತೊಂದು ಬೇಕಿತ್ತು. ಆಮೇಲೆ ಆ ಬೆಳಿಗ್ಗೆಯನ್ನೇ ಮರೆತೆ. ನೀನು ಮುಚ್ಚಿಟ್ಟೆ, ನಾನು ಮರೆತೆ. ನನ್ನದು ಇನ್ನೂ ಅನುಕೂಲವಾದ ಉಪಾಯ.

ನಿನ್ನ ಕಾಗದವನ್ನು ಅಮ್ಮನಿಗೆ ತೋರಿಸಿಲ್ಲ. ನಾನು ಹೇಳುವುದೂ ಇಲ್ಲ. ಇದು ನಿನ್ನ ಬಾಯಿಂದಲೇ ಅವಳಿಗೆ ಮುಟ್ಟಬೇಕು. ಅವಳಿಗೆ ಯಾವತ್ತೂ ಕಾಗದ ಬರೆಯದ ನಿನಗೆ ವಿಳಾಸ ಗೊತ್ತಿರಲಾರದು, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ, ಎಡಗಡೆ ಎರಡನೆಯ ಕೋಣೆ. ಈ ತಿಂಗಳೊಳಗೆ ಬರೆ. ಬರೆದೆ ಎಂದು ನನಗೆ ತಿಳಿಸು. ಆ ದಿನ ನಾನು ಚೂಟಿಯನ್ನು ಕರೆದುಕೊಂಡು ಅವಳ ಹತ್ತಿರ ಹೋಗುತ್ತೇನೆ. ರಜೆ ಇನ್ನೂ ಸ್ವಲ್ಪ ಉಳಿದಿದೆ.

ಇಸ್ತ್ರಿಪೆಟ್ಟಿಗೆಯೇ ಇರಬಹುದು ಎಂದು ಅವಳಿಗೂ ಬರೆಯಬೇಡ.

ಅಕ್ಕ


ಜೂನ್ 14

ಮಗನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನಾಲ್ಕು ಸಲ ಓದಿದೆ. ನಿನ್ನ ಅಕ್ಷರ ನಿಮ್ಮಪ್ಪನ ಅಕ್ಷರದ ಹಾಗೇ ಆಗಿದೆ.

ಇಸ್ತ್ರಿಪೆಟ್ಟಿಗೆಯಿಂದಲೂ ಆಗಿರಬಹುದು ಎಂದು ಒಂದು ಸಾಲು ಬರೆದು ಹೊಡೆದುಹಾಕಿದ್ದೀಯ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಆಸೆ ಬಿಟ್ಟುಬಿಡು. ಆ ದಿನ ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿಲ್ಲ. ವೈರ್ ಸುಟ್ಟಿತ್ತೆಂದು ಎರಡು ದಿನದ ಹಿಂದೆ ರಿಪೇರಿಗೆ ಕೊಟ್ಟಿದ್ದೆ. ನಲವತ್ತು ಸ್ಕರ್ಟ್‌ಗಳನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು, ಅದರ ಮೇಲೆ ಮಲಗಿ, ಗೆರೆ ಕೂರಿಸಿದ್ದೆ. ನಾನು ಕೊಡಲು ಹೋದಾಗ ಶಾಲೆಯ ಮೇಡಂ ಸುಕ್ಕು ನೋಡಿ ಗೊಣಗಿದರು. ಅವರು ಗೊಣಗಿ ಮುಗಿಸುವವರೆಗೆ ನಿಂತಿದ್ದೆ. ಅಷ್ಟು ಹೊತ್ತು ನಿಲ್ಲದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ನನಗೆ ಆವತ್ತೇ ಗೊತ್ತಾಯಿತು. ಅಂಗಳಕ್ಕೆ ಎಸೆದ ಸಾಮಾನಿನಲ್ಲಿ ಆ ಡಬ್ಬಿ ಇತ್ತು. ಅದರ ಸ್ವಿಚ್ಚು ಆನ್ ಕಡೆಗೇ ಕರಗಿ ಅಂಟಿಕೊಂಡಿತ್ತು. ತಲೆಯೆತ್ತಿದರೆ ಪಕ್ಕದ ಮನೆಯ ಬಾಗಿಲಲ್ಲಿ ನೀನು, ಅದನ್ನೇ ನೋಡುತ್ತಾ ನಿಂತಿದ್ದೆ. ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಆ ಹೊತ್ತಿಗೆ ಪುಸ್ತಕದವನು ಕೇಳಿದ, ಬಾಯಿಗೆ ಇಸ್ತ್ರಿಪೆಟ್ಟಿಗೆ ಬಂತು. ಅವನು ಬರೆದುಕೊಂಡು ಹೋದ. ಬೂದಿಯಲ್ಲಿ ಅಂಥದ್ದೊಂದು ಇದೆಯೇ ಎಂದು ಯಾರೂ ಕೆದಕಿ ನೋಡಲಿಲ್ಲ.

ಇದನ್ನು ದೊಡ್ಡ ತ್ಯಾಗ ಎಂದು ತಿಳಿದುಕೊಳ್ಳಬೇಡ. ನಾನು ಎರಡು ದಿನಕ್ಕೆಂದು ಹೇಳಿದ ಮಾತು ಅದು. ಹುಡುಗ ಹೆದರಿದ್ದಾನೆ, ಎರಡು ದಿನ ಬಿಟ್ಟರೆ ತಾನೇ ಬಂದು ಹೇಳುತ್ತಾನೆ, ಆಮೇಲೆ ನಿಮ್ಮಪ್ಪನಿಗೆ ಮೆಲ್ಲಗೆ ತಿಳಿಸಿದರಾಯಿತು ಎಂದುಕೊಂಡಿದ್ದೆ. ನೀನು ಬರಲಿಲ್ಲ. ಊಟಕ್ಕೆ ಬಡಿಸುವಾಗ ಕಾದೆ, ತಲೆಗೆ ಎಣ್ಣೆ ಹಚ್ಚುವಾಗ ಕಾದೆ. ನೀನು ಕೆಲಸ ಸಿಕ್ಕಿ ಹೊರಟ ದಿನ ಬಸ್ಸು ಹೊರಡುವವರೆಗೂ ಕಾದೆ. ನೀನು ಕಿಟಕಿಯಿಂದ ಕೈ ಬೀಸಿದೆ.

ಹನ್ನೆರಡು ವರ್ಷದವನಿದ್ದಾಗ ಹೇಳಿದ್ದರೆ ಎಳೆದು ಅಪ್ಪಿಕೊಳ್ಳುತ್ತಿದ್ದೆ. ಇಪ್ಪತ್ತರಲ್ಲಿ ಹೇಳಿದ್ದರೆ ಕೆನ್ನೆಗೆ ಎರಡು ಕೊಟ್ಟು ಆಮೇಲೆ ಅಪ್ಪಿಕೊಳ್ಳುತ್ತಿದ್ದೆ. ಈಗ ನಿನಗೆ ನಲವತ್ತು. ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಆ ಹುಡುಗನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಅವನು ಬೆಳೆದು ಆದ ಗಂಡಸಿನ ಮೇಲೆ ಇದೆ. ಅದು ಇಳಿಯುವವರೆಗೆ ನೀನು ಬರಬೇಡ. ಇಳಿದರೆ ಹೇಳಿ ಕಳಿಸುತ್ತೇನೆ.

ನಿನ್ನ ಅಕ್ಕ ಬಂದಳು. ಇಸ್ತ್ರಿಪೆಟ್ಟಿಗೆಯ ನಿಜವನ್ನು ಅವಳಿಗೂ ಹೇಳಿದೆ, ನನ್ನ ಮಡಿಲಲ್ಲಿ ಮುಖವಿಟ್ಟು ಬಹಳ ಅತ್ತಳು. ಮಗುವನ್ನು ಹತ್ತು ದಿನಕ್ಕೆಂದು ನನ್ನ ಹತ್ತಿರ ಬಿಟ್ಟುಹೋದಳು. ಒಂಬತ್ತು ವರ್ಷದಿಂದ ಇದೊಂದನ್ನೇ ಕೇಳಿಕೊಂಡಿದ್ದೆ, ನಿನಗೂ ಗೊತ್ತು.

ಮಗು ಬಹಳ ಮಾತಿನ ಮಲ್ಲಿ. ಬಂದ ಕೂಡಲೇ ನನ್ನ ಟೇಬಲ್ ಎಳೆದುಕೊಂಡು ಚಿತ್ರ ಬರೆಯಲು ಕೂತಳು. ನಾನು ಕೆಳಗಿನ ಅಂಗಡಿಯಿಂದ ಹಾಲು ತರೋಣವೆಂದು ಹೊರಟೆ. ಮೂರು ಮೆಟ್ಟಿಲು ಇಳಿದೆ. ಫ್ಯಾನಿನ ಸ್ವಿಚ್ಚು ಬಿಸಿಯಿತ್ತೇ ಎಂಬ ಯೋಚನೆ ಬಂತು. ಹತ್ತಿ ಬಂದು ಮುಟ್ಟಿ ನೋಡಿದೆ. ಮತ್ತೆ ಇಳಿದೆ, ಮತ್ತೆ ಬಂದೆ. ಏಳೆಂಟು ಸಲ ಆಯಿತು. ಹಾಲು ತರಲಿಲ್ಲ. ಮಗುವಿಗೆ ನಿದ್ದೆ ಬಂದರೆ ಎಬ್ಬಿಸಿದೆ, ಮಧ್ಯಾಹ್ನ ಮಲಗಬೇಡ ಎಂದೆ. "ಅಜ್ಜಿ, ನಿಂಗೆ ಯಾಕೆ ಅಷ್ಟು ಭಯ?" ಎಂದು ಕೇಳಿತು.

ಇಸ್ತ್ರಿಪೆಟ್ಟಿಗೆ ಮನೆಯಲ್ಲಿರಲಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಇಪ್ಪತ್ತೆಂಟು ವರ್ಷ ಕೇಳಿದವರಿಗೆಲ್ಲ ಮರೆತೆ, ಮರೆತೆ ಎಂದೇ ಹೇಳಿದ್ದೇನೆ. ನಿಮ್ಮಪ್ಪ ಹೇಳಿದರು, ಬೀದಿಯವರು ಹೇಳಿದರು, ಹೆತ್ತ ಮಗಳು ಕಣ್ಣಲ್ಲೇ ಹೇಳಿದಳು. ತಲೆಗೆ ನಿಜ ಗೊತ್ತಿದೆ. ಕೈ ಕೇಳುವುದಿಲ್ಲ. ಮರೆಯುವವಳು ಎಂದು ಹೇಳಿ ಹೇಳಿ ನಾನು ಅವಳೇ ಆಗಿಬಿಟ್ಟಿದ್ದೇನೆ.

ಎರಡನೆಯ ದಿನ ಮಧ್ಯಾಹ್ನ ನಿನ್ನ ಅಕ್ಕನಿಗೆ ಫೋನ್ ಮಾಡಿ ಮಗುವನ್ನು ಕರೆದುಕೊಂಡು ಹೋಗು ಎಂದೆ. ಓಡಿಬಂದಳು. "ನೀನು ಏನೂ ಮರೆತಿರ್ಲಿಲ್ಲಮ್ಮ, ನೀನು ಯಾವತ್ತೂ ಮರೆತಿರ್ಲಿಲ್ಲ," ಎಂದು ನನ್ನ ಕೈ ಹಿಡಿದುಕೊಂಡು ಹೇಳಿದಳು. "ಗೊತ್ತು ಕಣೇ. ಆದ್ರೂ ಕರ್ಕೊಂಡು ಹೋಗು," ಎಂದೆ.

ಹತ್ತು ದಿನಕ್ಕೆಂದು ತಂದಿದ್ದ ಬಟ್ಟೆಯನ್ನು ನಾನೇ ಚೀಲಕ್ಕೆ ತುಂಬಿದೆ. ಮಗು ಚೀಲ ಹೆಗಲಿಗೆ ಹಾಕಿಕೊಂಡು ತನ್ನ ಅಮ್ಮನ ಹಿಂದೆ ಮೆಟ್ಟಿಲಿಳಿದು ಹೋಯಿತು. ನಾನು ಬಾಗಿಲು ಹಾಕಿಕೊಂಡೆ, ಆಗ ಉಸಿರು ಸಲೀಸಾಗಿ ಬಂತು.

ಅಮ್ಮ